ಮಾಂಜರಾ ತುಂಬಿದ ಪಂಚಮಿ

ಹಲಬರ್ಗಾ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಮಳೆ ಜೋರಾಗಿತ್ತು. ಡಬ್ಬಿಯ ಬಾಗಿಲು ತಳ್ಳಿಕೊಂಡು ಒಬ್ಬ ಮನುಷ್ಯ ಒಳಗೆ ಬಂದ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕಂಕುಳಲ್ಲಿ ನೇರಳೆ ಹಣ್ಣಿನ ಬುಟ್ಟಿ. ಕೊಪ್ಪೆ ತೆಗೆದು ನೀರು ಝಾಡಿಸಿ ಅವನು ತಲೆ ಎತ್ತಿದ.

ಒಳಗೆ ಕೂತಿದ್ದ ಶಿವಕಾಂತಾ ಅರ್ಧ ಎದ್ದು ಮತ್ತೆ ಕೂತಳು.

ಅವನು ವೈಜಿನಾಥ. ಅವಳ ಗಂಡ.

ಅವನೂ ಅವಳನ್ನು ನೋಡಿದ. ನೋಡಿದ್ದೇ ತಡ, ತಪ್ಪು ಡಬ್ಬಿ ಹತ್ತಿದವನಂತೆ ಹಿಂದಕ್ಕೆ ತಿರುಗಿದ. ಆದರೆ ಗಾಡಿ ಆಗಲೇ ಹೊರಟಿತ್ತು.

ಮದುವೆಯಾಗಿ ಅವನ ಮನೆಯಲ್ಲಿ ಅವಳು ಇದ್ದದ್ದು ಬೇಸಿಗೆಯ ಕೆಲವು ವಾರಗಳು ಮಾತ್ರ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬರಬೇಕೆಂದು ಅಪ್ಪ ಮನ್ಮಥಪ್ಪ ಬೀದರಿಗೆ ಹೋಗಿ ಮಗಳನ್ನು ಭಾಲ್ಕಿಗೆ ಕರೆತಂದಿದ್ದ. ಅದು ಹಿಂದಿನ ವರ್ಷದ ಮಾತು. ಆಮೇಲೆ ರಜಾಕಾರರ ಗದ್ದಲ ಜೋರಾಯಿತು. ಭಾದ್ರಪದದಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಅದರ ಬೆನ್ನಿಗೇ ಮತ್ತೊಂದು ಕಡೆಯವರ ಸೇಡು. ಯಾವ ಊರಿನ ದಾರಿ ಯಾವಾಗ ಮುಚ್ಚುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ತಣ್ಣಗಾಯಿತು. ದಾರಿಗಳು ತೆರೆದವು. ಆದರೂ ಗಂಡ ಕರೆಯಲು ಬರಲಿಲ್ಲ.

ಅವನು ಸಾಲಿಯಲ್ಲಿ ಕಲಿತದ್ದು ಉರ್ದು. ಅವಳಿಗೆ ಬರುತ್ತಿದ್ದದ್ದು ಮಠದಲ್ಲಿ ತಿದ್ದಿದ ಕನ್ನಡ ಅಕ್ಷರ. ಹಾಗಾಗಿ ಒಬ್ಬರಿಗೊಬ್ಬರು ನಾಲ್ಕು ಸಾಲು ಬರೆಯುವಂತೆಯೂ ಇರಲಿಲ್ಲ. ಅವನ ಮನೆಯಲ್ಲಿ ಬೇರೆ ಯಾರೋ ಹೆಂಗಸು ಇದ್ದಾಳೆ ಎಂಬ ಗುಸುಗುಸು ಮಾತ್ರ ಭಾಲ್ಕಿ ಬಜಾರದವರೆಗೆ ಬಂದಿತ್ತು. ಅದನ್ನು ಕೇಳಿದ ದಿನದಿಂದ ಶಿವಕಾಂತಾ ಒಂದು ಕಡೆ ಕೂತು ಊಟ ಮಾಡಿದ್ದಿಲ್ಲ. ತಾಟು ಹಿಡಿದು ಬಾಗಿಲಿಗೆ ಬರುತ್ತಿದ್ದಳು, ಮತ್ತೆ ಒಳಗೆ ಹೋಗುತ್ತಿದ್ದಳು.

ಈಗ ಅವನು ಎದುರಿಗೇ ಕೂತಿದ್ದ. ಎದುರಿಗೆ ಬಿಟ್ಟು ಬೇರೆಲ್ಲೂ ಜಾಗ ಇರಲಿಲ್ಲ!

ಮಗಳ ಪಕ್ಕದಲ್ಲಿದ್ದ ಮನ್ಮಥಪ್ಪ ಮುಖವನ್ನು ಕಿಟಕಿಗೆ ತಿರುಗಿಸಿಬಿಟ್ಟ. ಜೊತೆಗೆ ಹೊರಟಿದ್ದ ಚಿಕ್ಕಪ್ಪನ ಹೆಂಡತಿ ಕಾಕಿ ಸೆರಗು ಸರಿಮಾಡಿಕೊಂಡಳು. ಅವಳ ಮಕ್ಕಳು ಮಾತ್ರ ನೇರಳೆ ಹಣ್ಣಿನ ಬುಟ್ಟಿಯಿಂದ ಕಣ್ಣು ಕೀಳಲಿಲ್ಲ.

ಆ ಡಬ್ಬಿಯಲ್ಲಿ ಯಾವ ಮುಲಾಜೂ ಇಲ್ಲದವಳೆಂದರೆ ಆಯಿ ಲಲಿತಾಬಾಯಿ, ಮನ್ಮಥಪ್ಪನ ತಾಯಿ. ತಾಯಿಯಿಲ್ಲದ ಶಿವಕಾಂತಾಳನ್ನು ಬೆಳೆಸಿದವಳು ಅವಳೇ. ಈ ಪ್ರಯಾಣ ಹೊರಡಿಸಿದವಳೂ ಅವಳೇ. ಹಿಂದಿನ ಮಳೆಗಾಲದಲ್ಲಿ ಯಾರ ಮನೆಯಲ್ಲೂ ಎಣ್ಣೆ ಕಾಯಲಿಲ್ಲ, ಯಾರ ಮಗಳೂ ಪಂಚಮಿಗೆ ತವರಿಗೆ ಬರಲಿಲ್ಲ, ಮಳೆ ಬಂದದ್ದು ಹೋದದ್ದು ಯಾರೂ ನೋಡಲಿಲ್ಲ ಎಂದು ಅವಳ ಕೊರಗು. ಈ ವರ್ಷ ಎಲ್ಲರೂ ಕೂಡಿ ಔರಾದ ತಾಲೂಕಿನ ಚಿಂತಾಕಿಗೆ, ಮಗಳು ಸಖುಬಾಯಿಯ ಮನೆಗೆ ಹೋಗಬೇಕು, ಅಲ್ಲಿ ಜೋಕಾಲಿ ಕಟ್ಟಬೇಕು, ಹೊಟ್ಟೆ ತುಂಬ ತಿನ್ನಬೇಕು ಎಂದು ಹಟ ಹಿಡಿದಿದ್ದಳು.

ಆಯಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೊದಲ ರೊಟ್ಟಿಯ ಮೇಲೆ ಪಲ್ಯ ಹಾಕಿ ಯಾರನ್ನೂ ಕೇಳದೆ ವೈಜಿನಾಥನ ಕೈಗೆ ಇಟ್ಟಳು. ಅವನು ಬೇಡ ಎನ್ನಲಿಲ್ಲ. ತಲೆ ತಗ್ಗಿಸಿ ತಿಂದ. ತಿಂದು ಮುಗಿಸಿ ನೇರಳೆ ಬುಟ್ಟಿಯನ್ನು ಮಕ್ಕಳ ಮುಂದೆ ಸರಿಸಿದ. ಸ್ವಲ್ಪ ಹೊತ್ತಿಗೆ ಮಕ್ಕಳ ನಾಲಿಗೆ, ತುಟಿ, ಅಂಗಿ ಎಲ್ಲ ನೀಲಿ. ಆಯಿ ನಕ್ಕಳು, ಕಾಕಿಯೂ ನಕ್ಕಳು.

ಶಿವಕಾಂತಾ ನಗಲಿಲ್ಲ. ಕಣ್ಣಂಚಿನಲ್ಲಿ ಅವನ ಕೈ ಕಾಣುತ್ತಿತ್ತು. ಎಷ್ಟು ಸೊರಗಿದ್ದಾರೆ... ಮಾತಾಡಬಾರದೇ? ಒಂದು ಬಯ್ಗುಳವಾದರೂ ಆಗಬಾರದೇ?

ಬೀದರ ಬಂತು. ಇಳಿಯುವ ಗದ್ದಲದಲ್ಲಿ ಅವನು ಅವಳ ಹತ್ತಿರ ನಿಂತ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ನೀ ಹೇಳಿ ಕಳಿಸಿದ್ದು ನನಗ ಮುಟ್ಟ್ಯಾದ. ನಾ ಇನ್ನ ತ್ರಾಸ ಕೊಡಂಗಿಲ್ಲ. ನೀ ಆರಾಮ ಇರು."

ಅವಳು ತಲೆ ಎತ್ತುವಷ್ಟರಲ್ಲಿ ಅವನು ಮಳೆಯಲ್ಲಿ ಇಳಿದು ಹೋಗಿದ್ದ.

ಹೇಳಿ ಕಳಿಸಿದ್ದು? ಯಾವಾಗ? ಯಾರ ಕೈಲಿ? ನಾನು ಏನು ಹೇಳಿ ಕಳಿಸಿದ್ದೆ?

* * *

ಸ್ಟೇಷನ್ನಿನ ಹೊರಗೆ ಬಾಡಿಗೆ ಗಾಡಿಯವರು ತಲೆ ಅಲ್ಲಾಡಿಸಿದರು. ಮಾಂಜರಾ ನದಿ ತುಂಬಿ ಹರಿಯುತ್ತಿದೆ, ಔರಾದ ಕಡೆಯ ದಾರಿ ಬಂದ್, ದೋಣಿ ದಂಡೆಗೆ ಕಟ್ಟಿದ್ದಾರೆ, ನೀರು ಇಳಿಯುವವರೆಗೆ ಯಾರೂ ದಾಟುವಂತಿಲ್ಲ ಎಂದರು.

ಇನ್ನೇನು ಮಾಡುವುದು? ಬೀದರಿನಲ್ಲಿ ಬೀಗರ ಮನೆ ಇದೆಯಲ್ಲ ಎಂದು ಆಯಿ ಬೇಕೆಂದೇ ಕೇಳಿದಳು. ಮನ್ಮಥಪ್ಪ ಕೇಳಿಸದವನಂತೆ ಗಾಡಿಯನ್ನು ಊರ ನಡುವಿನ ಚೌಬಾರಾ ಬುರುಜಿನ ಹತ್ತಿರದ ಓಣಿಗೆ ಹೊಡೆಸಿದ. ಅಲ್ಲಿ ಅವನ ವ್ಯಾಪಾರದ ಗೆಳೆಯ ಕಾಶೀರಾಮನ ಮನೆಯಿತ್ತು.

ಕಾಶೀರಾಮ ಮತ್ತು ಅವನ ಹೆಂಡತಿ ಹೀರಾಬಾಯಿ ಅವರನ್ನು ಎರಡು ಕೈಯಿಂದ ಬರಮಾಡಿಕೊಂಡರು. ಮಳೆ ಬಿಡುವ ಲಕ್ಷಣವಿರಲಿಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಗಂಡಸರು ಪಗಡೆಗೆ ಕೂತರು. ಹೀರಾಬಾಯಿ ಒಲೆಯ ಮೇಲೆ ಕುಸುಬಿ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ ಭಜಿ ಬಿಟ್ಟಳು. ಹಸಿಮೆಣಸಿನಕಾಯಿ ಭಜಿ, ಬದನೆಕಾಯಿ ಹೋಳಿನ ಭಜಿ... ಬುಟ್ಟಿ ತುಂಬುವ ಮೊದಲೇ ಖಾಲಿಯಾಗುತ್ತಿತ್ತು. ಮೇಲೆ ಶುಂಠಿ ಚಹಾ. ಮಕ್ಕಳು ಅಂಗಳದ ನೀರಿನಲ್ಲಿ ಕುಣಿದು ಬಂದು ಒಲೆಯ ಮುಂದೆ ಬೆನ್ನು ಕಾಸಿಕೊಂಡರು. ಆಯಿ ಹಳೆಯ ಮಳೆಗಾಲಗಳ ಕಥೆ ತೆಗೆದಳು. ಎಷ್ಟೋ ದಿನದ ಮೇಲೆ ಮನ್ಮಥಪ್ಪ ಬಾಯಿ ತುಂಬ ನಕ್ಕ.

ಎಲ್ಲರೂ ಸುಖವಾಗಿದ್ದರು. ಶಿವಕಾಂತಾ ಒಬ್ಬಳಿಗೆ ಮಾತ್ರ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಕೈಯಲ್ಲಿದ್ದ ಭಜಿ ತಣ್ಣಗಾಯಿತು. ಬಾಗಿಲಿಗೆ ಹೋದಳು. ಮಳೆ ನೋಡಿದಳು. ಒಳಗೆ ಬಂದಳು. ಮತ್ತೆ ಹೋದಳು.

ಈ ಓಣಿ ದಾಟಿ ಎಡಕ್ಕೆ ಹೋದರೆ ಅವರ ಮನೆ. ಅಂಗಳದಲ್ಲಿ ಬೇವಿನ ಮರ ಇತ್ತು. ಈಗಲೂ ಇದೆಯೇ? ಆ ಹೆಂಗಸೂ ಅಲ್ಲಿಯೇ ಇದ್ದಾಳೆಯೇ?

ಹೀರಾಬಾಯಿ ಅವಳನ್ನು ನೋಡುತ್ತಲೇ ಇದ್ದಳು. ಉಳ್ಳಾಗಡ್ಡಿ ಹೆಚ್ಚಲು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. ಗಂಡನ ಮೇಲೆ ಅಷ್ಟೊಂದು ಸಿಟ್ಟು ಯಾಕೆ, ಪಾಪ ದೀಪಾವಳಿ ಆದ ಮೇಲೆ ಹೊಸ ಸೀರೆ ತಗೊಂಡು ಭಾಲ್ಕಿಗೆ ಕರೆಯಲು ಬಂದವನನ್ನು ಹಾಗೇ ತಿರುಗಿ ಕಳಿಸಬಹುದೇ ಎಂದಳು.

ಶಿವಕಾಂತಾಳ ಕಾಲಡಿಯ ಈಳಿಗೆಮಣೆ ಸರಿಯಿತು. "ಯಾರು ಬಂದಿದ್ರು?"

"ನಿನ್ನ ಗಂಡ. ನೀ ಆ ಮನ್ಯಾಗ ಕಾಲ ಇಡಂಗಿಲ್ಲ ಅಂದಿ ಅಂತ. ಸೀರಿ ಹಂಗೇ ವಾಪಸ್ ತಂದ. ಗೋದಾಬಾಯಿ ಅಳ್ತಾ ಹೇಳಿದ್ಳು ನನ್ನ ಮುಂದ."

ಗೋದಾಬಾಯಿ ಅವಳ ಅತ್ತೆ. ಶಿವಕಾಂತಾ ಬಾಯಿ ತೆರೆದಳು. ಆ ಇನ್ನೊಬ್ಬ ಹೆಂಗಸಿನ ವಿಷಯ ಕೇಳಬೇಕೆಂದುಕೊಂಡಳು, ನಾಚಿಕೆಯಿಂದ ಕೇಳಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅದು ಉಳ್ಳಾಗಡ್ಡಿಯ ನೀರೆಂದು ಹೀರಾಬಾಯಿ ತಿಳಿದುಕೊಳ್ಳಲಿಲ್ಲ.

ಅವರು ಬಂದಿದ್ದರು! ಸೀರೆ ತಂದಿದ್ದರು! ಮತ್ತೆ ನನ್ನ ಬಾಯಿಂದ ಬರದ ಮಾತನ್ನು ಕೇಳಿ ಹೋಗಿದ್ದರು...

ಪಡಸಾಲೆಯಿಂದ ಅಪ್ಪನ ನಗು ಕೇಳಿಸಿತು. ಆ ನಗು ಅವಳ ಎದೆಗೆ ಚುಚ್ಚಿತು. ಮನೆಗೆ ಬಂದವರು ಮೊದಲು ಭಾಲ್ಕಿಯ ಅಂಗಡಿಗೇ ಬರುತ್ತಿದ್ದರು; ಆ ವರ್ಷ ಅಲ್ಲಿ ಕೂತಿದ್ದವನು ಅಪ್ಪನೊಬ್ಬನೇ.

* * *

ಮರುದಿನ ಬೆಳಿಗ್ಗೆ ಮಳೆ ತುಸು ಸಣ್ಣಗಾಗಿತ್ತು. ಮನ್ಮಥಪ್ಪ ಸ್ನಾನ ಮುಗಿಸಿ ಲಿಂಗಪೂಜೆ ಮಾಡಿ ವಿಭೂತಿ ಧರಿಸಿ ಕೂತಿದ್ದ. ಶಿವಕಾಂತಾ ಅವನ ಎದುರಿಗೆ ಬಂದು ನಿಂತಳು. ಆಯಿ ಪಕ್ಕದಲ್ಲಿದ್ದಳು. ಶಿವಕಾಂತಾ ಇದುವರೆಗೆ ಅಪ್ಪನನ್ನು ನೇರವಾಗಿ ಏನನ್ನೂ ಕೇಳಿದವಳಲ್ಲ. ಇಂದು ಕೇಳಿದಳು.

"ಅಪ್ಪಾ, ನಾ ಒಲ್ಲೆ ಅಂತ ಅವರಿಗೆ ಯಾರು ಹೇಳಿದ್ರಿ?"

ಮನ್ಮಥಪ್ಪ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಯಿ ಮಗನ ಮುಖ ನೋಡಿದಳು. ನೋಡುತ್ತಲೇ ಅವಳಿಗೆ ತಿಳಿಯಿತು.

"ನಾನೇ ಹೇಳಿದೆ," ಅಂದ ಅವನು ಕೊನೆಗೆ.

ಆಮೇಲೆ ಎಲ್ಲ ಹೇಳಿದ. ಪೊಲೀಸ್ ಆಕ್ಷನ್ ಆದ ವಾರದಲ್ಲಿ ಬೀದರಿನ ಸುತ್ತ ಮುಸಲ್ಮಾನರ ಮನೆಗಳ ಮೇಲೆ ಜನ ಬಿದ್ದಾಗ, ವೈಜಿನಾಥ ಪಕ್ಕದ ಮನೆಯ ಮಹಮೂದಾ ಬೇಗಂ ಮತ್ತು ಅವಳ ಬಸುರಿ ಸೊಸೆ ಶಾಕಿರಾಳನ್ನು ತನ್ನ ಮನೆಯ ಒಳಕೋಣೆಯಲ್ಲಿ ಇಟ್ಟುಕೊಂಡಿದ್ದ. ಮಹಮೂದಾಳ ಮಗ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಕೊಡಲಿ ಹಿಡಿದವರು ವೈಜಿನಾಥನ ಬಾಗಿಲಿಗೆ ಬಂದಿದ್ದರು. ಗೋದಾಬಾಯಿ ಹೊಸ್ತಿಲ ಮೇಲೆ ಕೂತು, ಒಳಗೆ ಬರುವವರು ತನ್ನನ್ನು ದಾಟಿ ಬರಲಿ ಅಂದಿದ್ದಳು. ಬೈದು ಹೋದರು, ಮತ್ತೆ ಬಂದರು. ಇದೆಲ್ಲ ಮನ್ಮಥಪ್ಪನಿಗೆ ಕಾಶೀರಾಮನಿಂದ ತಿಳಿದಿತ್ತು.

ಭಾಲ್ಕಿ ಬಜಾರದಲ್ಲಿ ಹರಿದಾಡಿದ ಆ ಹೆಂಗಸಿನ ಕಥೆ ಇದೇ. ಬಾಣಂತನಕ್ಕೆ ಬೇರೆ ದಿಕ್ಕಿಲ್ಲದ ಒಬ್ಬ ಬಸುರಿಯ ಕಥೆ.

"ಅವ ಕರೆಯಾಕ ಬಂದಾಗ ಆ ಹೆಣ್ಣಮಕ್ಕಳು ಇನ್ನಾ ಅಲ್ಲೇ ಇದ್ರು," ಅಂದ ಮನ್ಮಥಪ್ಪ. "ಮೊದ್ಲ ರಜಾಕಾರರ ಅಂಜಿಕಿ, ಆಮ್ಯಾಲ ನಮ್ಮವರದೇ ಅಂಜಿಕಿ. ಆ ಮನಿಗೆ ಮತ್ತ ಯಾರರೇ ಬಂದ್ರ? ನನಗ ಇರಾಕಿ ನೀ ಒಬ್ಬಾಕಿ. ಕಳಿಸಾಕ ಜೀವ ಒಪ್ಪಲಿಲ್ಲ, ಶಿವಕಾಂತಾ. ನನಗ ಅಂಜಿಕಿ ಅದ ಅಂತ ಹೇಳಾಕ ನಾಚಿಕಿ ಬಂತು. ನೀ ಒಲ್ಲೆ ಅಂತಿ ಅಂತ ಹೇಳಿಬಿಟ್ಟೆ."

ಆಮೇಲೆ ಆ ಮಾತನ್ನು ಹಿಂದಕ್ಕೆ ತಗೊಳ್ಳಲು ದಿನಾ ಅಂದುಕೊಂಡ, ದಿನಾ ಮುಂದಕ್ಕೆ ಹಾಕಿದ. ತಿಂಗಳುಗಳು ಹೋದಂತೆ ಅದು ಇನ್ನೂ ಕಠಿಣವಾಯಿತು.

ಶಿವಕಾಂತಾಳಿಗೆ ಸಿಟ್ಟು ಬಂದಿತ್ತು. ಎಷ್ಟು ಬಂದಿತ್ತೆಂದರೆ ಅಪ್ಪನ ಮುಖ ನೋಡಲಾಗಲಿಲ್ಲ. ಆದರೆ ಅವನು ಪಂಚೆಯ ಅಂಚನ್ನು ಇನ್ನೂ ಬೆರಳಿಗೆ ಸುತ್ತುತ್ತಿದ್ದುದು ಕಾಣಿಸಿತು. ಅದು ಕಂಡಮೇಲೆ ಬಯ್ಯಲೂ ಆಗಲಿಲ್ಲ.

"ನಾ ಹೋಗ್ತೇನ್ರಿ ಅಪ್ಪಾ," ಅಂದಳು ಅಷ್ಟೇ.

ಅಪ್ಪ ತಾನೇ ಮೊದಲು ಹೋಗಿ ಮಾತಾಡಿ ಬರುತ್ತೇನೆಂದ. ಅವಳು ಬೇಡವೆಂದಳು. ಹೋದ ಸಲ ತನ್ನ ಮಾತನ್ನು ಬೇರೆಯವರು ಆಡಿದ್ದರು. ಈ ಸಲ ತಾನೇ ಆಡಬೇಕು.

ಆಯಿ ಕೊಪ್ಪೆ ಹೊದ್ದು ಎದ್ದು ನಿಂತಳು. ಜೊತೆಗೆ ಬರುತ್ತೇನೆ, ಆದರೆ ಬಾಯಿ ತೆರೆಯುವುದಿಲ್ಲ ಎಂದು ಭಾಷೆ ಕೊಟ್ಟಳು.

* * *

ಚೌಬಾರಾದ ದುಂಡು ಬುರುಜಿನ ಸುತ್ತ ಕೆಂಪು ನೀರು ಹರಿಯುತ್ತಿತ್ತು. ಶಿವಕಾಂತಾ ಸೀರೆಯ ನೆರಿಗೆ ಎತ್ತಿ ಹಿಡಿದು ಬಿರಬಿರನೆ ನಡೆದಳು. ಆಯಿ ಹಿಂದುಳಿದಳು. ಮೊಮ್ಮಗಳು ನಿಲ್ಲುತ್ತಿದ್ದಳು, ಕಾಯುತ್ತಿದ್ದಳು, ಮತ್ತೆ ತಾಳಲಾರದೆ ನಡೆಯುತ್ತಿದ್ದಳು.

ಅವರು ಬೇಡ ಅಂದರೆ? ಇಷ್ಟು ದಿನ ಕಾದು ಮನಸ್ಸು ಕಲ್ಲಾಗಿದ್ದರೆ?

ಬೇವಿನ ಮರ ಇತ್ತು. ಅದರ ಟೊಂಗೆಗೆ ಪಂಚಮಿಯ ಜೋಕಾಲಿ ಆಗಲೇ ಬಿದ್ದಿತ್ತು. ಜೋಕಾಲಿಯ ಮೇಲೆ ಒಬ್ಬ ಎಳೆಯ ಹೆಂಗಸು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ತೂಗುತ್ತಿದ್ದಳು. ಅವಳ ಪಕ್ಕದಲ್ಲಿ ವಯಸ್ಸಾದವಳೊಬ್ಬಳು ಹಗ್ಗ ಹಿಡಿದು ನಿಂತಿದ್ದಳು. ಶಾಕಿರಾ, ಮಹಮೂದಾ ಬೇಗಂ. ಮಗ ಚಳಿಗಾಲದಲ್ಲಿ ಹಿಂದಿರುಗಿದ ಮೇಲೆ ಅವರು ತಮ್ಮ ಮನೆಗೆ ಹೋಗಿದ್ದರು. ಆದರೂ ಮಗುವಿಗೆ ಈ ಅಂಗಳ ಬಿಟ್ಟರೆ ಬೇರೆ ಆಟದ ಜಾಗ ಗೊತ್ತಿರಲಿಲ್ಲ.

ಮಹಮೂದಾ ಬೇಗಂ ಶಿವಕಾಂತಾಳನ್ನು ಮದುವೆಯಲ್ಲಿ ನೋಡಿದ್ದಳು. ನೋಡಿದ ಕೂಡಲೇ ಹಗ್ಗ ಬಿಟ್ಟಳು. "ಬಹೂ ಬಂದಾಳ, ನಿಮ್ಮ ಸೊಸಿ ಬಂದಾಳ," ಎಂದು ಒಳಗೆ ಕೂಗಿದಳು.

ಗೋದಾಬಾಯಿ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಮುಖದಲ್ಲಿ ನಗುವಿರಲಿಲ್ಲ.

"ಈ ಮನ್ಯಾಗ ಕಾಲ ಇಡಂಗಿಲ್ಲ ಅಂದಾಕಿ, ಇವತ್ತ ಹ್ಯಾಂಗ ಇಟ್ಟಿ?"

"ನಾ ಹಂಗ ಅಂದಿಲ್ರಿ ಅತ್ತಿ. ಹಂಗ ಅಂದೀನಿ ಅನ್ನೋದು ನನಗ ನಿನ್ನೆ ಗೊತ್ತಾಗ್ಯಾದ."

ಗೋದಾಬಾಯಿ ಅವಳನ್ನು ತುಂಬ ಹೊತ್ತು ನೋಡಿದಳು. ಹಿಂದೆ ನಿಂತಿದ್ದ ಆಯಿಯ ಕಡೆ ನೋಡಿದಳು. ಆಯಿ ಕೊಟ್ಟ ಭಾಷೆಯಂತೆ ಬಾಯಿ ತೆರೆಯಲಿಲ್ಲ, ತಲೆ ಮಾತ್ರ ತಗ್ಗಿಸಿದಳು. ತನ್ನ ಮಗನ ತಪ್ಪಿಗೆ ಆ ವಯಸ್ಸಿನಲ್ಲಿ ಆಯಿ ತಲೆ ತಗ್ಗಿಸಿದ್ದು ಗೋದಾಬಾಯಿಗೆ ಸಾಕಾಯಿತೋ ಏನೋ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಅವ ಮಾಳಿಗಿ ಮ್ಯಾಲ ಹಾನ. ಸೋರಾಕ ಹತ್ಯಾದ. ಅವನ ಮುಂದ ಹೇಳು. ನನ್ನ ಮುಂದ ಬ್ಯಾಡ."

* * *

ಮಣ್ಣಿನ ಮಾಳಿಗೆಗೆ ಬಿದಿರಿನ ಏಣಿ ಆನಿಸಿತ್ತು. ಶಿವಕಾಂತಾ ಹತ್ತಿದಳು. ವೈಜಿನಾಥ ಬೆನ್ನು ಮಾಡಿ ಕೂತು ಸೋರುವ ಜಾಗಕ್ಕೆ ಮಣ್ಣು ಹಾಕಿ ಮರದ ಬಡಿಗೆಯಿಂದ ತಟ್ಟುತ್ತಿದ್ದ. ತಾಯಿ ಬಂದಳೆಂದುಕೊಂಡು ತಿರುಗಿ ನೋಡದೆಯೇ ಇನ್ನೊಂದು ಬುಟ್ಟಿ ಮಣ್ಣು ಬೇಕೆಂದ.

ಬುಟ್ಟಿ ಅವನ ಪಕ್ಕಕ್ಕೆ ಬಂತು. ಬಳೆಯ ಸದ್ದು ಕೇಳಿತು. ಬಡಿಗೆ ನಿಂತಿತು.

"ಯಾರು ಕಳಿಸ್ಯಾರ ನಿನಗ?" ಅಂದ ತಿರುಗಿ.

"ಯಾರೂ ಕಳಿಸಿಲ್ರಿ. ನಾನೇ ಬಂದೀನಿ."

ತುಂತುರು ಅವಳ ಹಣೆಯ ವಿಭೂತಿ ಅಳಿಸುತ್ತಿತ್ತು. ದಾರಿಯುದ್ದ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು. ಅವಳು ಅಪ್ಪ ಹೇಳಿದ್ದನ್ನೆಲ್ಲ ಹಾಗೆಯೇ ಹೇಳಿದಳು. ಅಪ್ಪನನ್ನು ಕೆಟ್ಟವನನ್ನಾಗಿ ಮಾಡಲಿಲ್ಲ, ಬಿಟ್ಟೂ ಕೊಡಲಿಲ್ಲ. ಅವನ ಅಂಜಿಕೆಯನ್ನೂ ಹೇಳಿದಳು, ನಾಚಿಕೆಯನ್ನೂ ಹೇಳಿದಳು.

ವೈಜಿನಾಥ ಕೇಳುತ್ತ ಎದ್ದು ನಿಂತ, ಮತ್ತೆ ಕೂತ. ಕೈಯ ಮಣ್ಣನ್ನು ಮಳೆಗೆ ಒಡ್ಡಿ ತೊಳೆದುಕೊಂಡ.

"ನಿಮ್ಮ ಅಂಗಡಿಯಿಂದ ಮನಿ ಬಾಗಲ ಕಾಣ್ತಿತ್ತು," ಅಂದ. "ಒಂದ ಸಲ ಒಳಗ ಬಂದು ನಿನ್ನನ್ನೇ ಕೇಳಬೇಕಾಗಿತ್ತು. ನೀನೇ ಎದುರಿಗೆ ನಿಂತು ಒಲ್ಲೆ ಅಂದ್ರ ಹ್ಯಾಂಗ ತಡ್ಕೋಬೇಕು ಅನ್ನಿಸ್ತು. ಬರ್ಲಿಲ್ಲ."

"ನಾನೂ ಯಾರನ್ನೂ ಕೇಳಲಿಲ್ರಿ. ಕೇಳಿದ್ರ, ಅವ ನಿನ್ನ ಮರ್ತಾನ ಅಂತ ಹೇಳ್ತಾರ ಅಂತ ಅಂಜಿಕಿ."

ಕೆಳಗೆ ಅಂಗಳದಲ್ಲಿ ಮಗು ಕೇಕೆ ಹಾಕಿತು. ವೈಜಿನಾಥ ಆ ಕಡೆ ನೋಡಿದ. ಅವನ ಮುಖ ಬದಲಾಯಿತು. ಏನೋ ಹೇಳಬೇಕು, ಹೇಳಿದರೆ ಇವಳು ಇಳಿದು ಹೋಗಬಹುದು ಎಂಬ ಸಂಕಟ ಅವನ ಕಣ್ಣಲ್ಲಿತ್ತು.

"ಒಂದು ಮಾತು ಖರೇ ಹೇಳ್ತೇನಿ. ಆವತ್ತ ನೀ ಈ ಮನ್ಯಾಗ ಇದ್ದಿದ್ರೂ ನಾ ಅವರಿಗೆ ಬಾಗಲ ತೆಗೀತಿದ್ದೆ. ನಿನ್ನ ಜೀವಕ್ಕ ಏನರೇ ಆಗ್ತಿತ್ತೇನೋ. ಆದ್ರೂ ತೆಗೀತಿದ್ದೆ. ನಿಮ್ಮ ಅಪ್ಪಾರ ಅಂಜಿಕಿ ಸುಳ್ಳಲ್ಲ. ಅದನ್ನ ತಿಳ್ಕೊಂಡು ಬರೋದಿದ್ರ ಬಾ."

ಶಿವಕಾಂತಾ ಕೆಳಗೆ ನೋಡಿದಳು. ಶಾಕಿರಾ ಮಗುವಿನ ಕಾಲನ್ನು ಮಳೆ ನೀರಿಗೆ ತಾಗಿಸುತ್ತಿದ್ದಳು. ತಾಗಿದಾಗೆಲ್ಲ ಅದು ಕಾಲು ಎಳೆದುಕೊಂಡು ನಗುತ್ತಿತ್ತು.

"ತೆಗೀತಿದ್ದಿಲ್ಲ ಅಂದಿದ್ರ ನಾ ಈಗ ಏಣಿ ಇಳೀತಿದ್ದೆ," ಅಂದಳು.

ಅವಳು ಮುಂದೆ ಬಂದು ಬುಟ್ಟಿಯ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಒಂದು ಹಿಡಿ ಮಣ್ಣು ತೆಗೆದು ಸೋರುವ ಬಿರುಕಿಗೆ ಹಾಕಿದಳು. ಅವನು ಬಡಿಗೆ ಎತ್ತಿಕೊಂಡು ತಟ್ಟಿದ. ಅವಳು ಮತ್ತೊಂದು ಹಿಡಿ ಹಾಕಿದಳು. ಮಳೆ ಮತ್ತೆ ಜೋರಾಯಿತು. ಇಬ್ಬರೂ ಏಳಲಿಲ್ಲ.

"ನೀವು ತಂದ ಸೀರಿ ಏನ ಮಾಡಿದ್ರಿ?"

"ಅವ್ವನ ಪೆಟ್ಟಿಗ್ಯಾಗ ಅದ. ಬಣ್ಣ ನಿನಗ ಸೇರ್ತದೋ ಇಲ್ಲೋ ಅಂತ ಅವಾಗೂ ಗೊತ್ತಿದ್ದಿಲ್ಲ, ಈಗೂ ಗೊತ್ತಿಲ್ಲ."

"ಯಾವುದಿದ್ರೂ ಸೇರ್ತದರಿ," ಅಂದಳು ಅವಳು. ಆಮೇಲೆ ಅಳು ಬಂತು. ವರ್ಷವಿಡೀ ಬಾಗಿಲಿಗೆ ಬಂದು ತಿರುಗಿ ಹೋಗುತ್ತಿದ್ದ ಅಳು. ಅವನು ತೋಯ್ದ ಕೈಯಿಂದ ಅವಳ ಕಣ್ಣು ಒರೆಸಲು ಹೋಗಿ ಕೆನ್ನೆಗೆಲ್ಲ ಮಣ್ಣು ಮೆತ್ತಿಸಿದ.

* * *

ಮಧ್ಯಾಹ್ನಕ್ಕೆ ಮನ್ಮಥಪ್ಪ ಬಂದ. ಕರೆಯದೆ ಬಂದ, ಕೊಡೆಯೂ ಇಲ್ಲದೆ. ಅಂಗಳದಲ್ಲಿ ತೋಯುತ್ತ ನಿಂತು ಅಳಿಯನಿಗೆ ಕೈ ಮುಗಿದ. ವೈಜಿನಾಥ ಓಡಿಬಂದು ಆ ಕೈಗಳನ್ನು ಹಿಡಿದುಕೊಂಡ, ಮುಗಿಯಗೊಡಲಿಲ್ಲ. ತಾನು ತನ್ನ ಅಂಜಿಕೆಯನ್ನು ಮಗಳ ಬಾಯಿಗೆ ಹಾಕಿದೆ ಎಂದು ಮನ್ಮಥಪ್ಪ ಎಲ್ಲರ ಮುಂದೆ ಹೇಳಿದ. ಮಹಮೂದಾ ಬೇಗಂ ಅಲ್ಲೇ ಇದ್ದಳು. ಅವಳ ಕಡೆ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳೇ ಮೊಮ್ಮಗನನ್ನು ಅವನ ಕೈಗೆ ಕೊಟ್ಟು, ಮಳೆಯಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಅಂದಳು.

ಗೋದಾಬಾಯಿ ಇದನ್ನೆಲ್ಲ ಅಡುಗೆಮನೆಯಿಂದ ಕೇಳುತ್ತಿದ್ದಳು. ಪಂಚಮಿಗೆ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಕಡಬು ಕುದಿಸಬೇಕು. ಅವಳು ಕಣಕದ ಮುದ್ದೆಯನ್ನು ಸೊಸೆಯ ಮುಂದೆ ತಳ್ಳಿದಳು.

"ಹೂರಣ ತುಂಬಾಕ ಬರ್ತದೇನು, ಅದೂ ನಾನೇ ಕಲಿಸಬೇಕು?"

"ಕಲಿಸ್ರಿ ಅತ್ತಿ," ಅಂದಳು ಶಿವಕಾಂತಾ. ಅವಳಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ಹಾಗೆ ಅಂದಳು.

ಆ ಪಂಚಮಿ ಬೀದರಿನಲ್ಲೇ ಆಯಿತು. ಕಾಕಿ, ಮಕ್ಕಳು, ಕಾಶೀರಾಮ, ಹೀರಾಬಾಯಿ ಎಲ್ಲರೂ ಅದೇ ಪಡಸಾಲೆಯಲ್ಲಿ ಸೇರಿದರು. ಬಿಸಿ ಕಡಬಿನ ಮೇಲೆ ತುಪ್ಪ, ಜೊತೆಗೆ ಜೋಳದ ಅಳ್ಳು, ಶೇಂಗಾ ಉಂಡಿ, ಎಳ್ಳಿನ ಉಂಡಿ. ಮಾಳಿಗೆ ಇನ್ನೂ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅಲ್ಲಿ ಕೊಡಪಾನ ಇಟ್ಟು ಅದರ ಸುತ್ತ ಕೂತು ಉಂಡರು. ಮಳೆ ತುಸು ನಿಂತಾಗ ಹೆಂಗಸರೆಲ್ಲ ಜೋಕಾಲಿಗೆ ಮುತ್ತಿದರು. ಆಯಿಯೂ ಬಿಡಲಿಲ್ಲ. ಜೀಕುವವರು ಸಾಕೆಂದರೂ ಅವಳು ಸಾಕೆನ್ನಲಿಲ್ಲ.

ಶಿವಕಾಂತಾ ಹಸಿರು ಸೀರೆ ಉಟ್ಟಿದ್ದಳು. ಆ ಬಣ್ಣ ಅವಳಿಗೆ ಒಪ್ಪುತ್ತಿತ್ತು. ಆದರೂ ಅವಳು ಆಗಾಗ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು. ಒಂದು ವರ್ಷದ ಚಾಳಿ ಒಂದು ದಿನದಲ್ಲಿ ಹೋಗುತ್ತದೆಯೇ? ಪ್ರತಿ ಸಲ ತಿರುಗಿ ನೋಡಿದಾಗಲೂ ಅವನು ಅಲ್ಲಿ ಇರುತ್ತಿದ್ದ. ಇದ್ದಾನೆಂದು ನಂಬಲು ಅವಳಿಗೆ ಮತ್ತೆ ಮತ್ತೆ ನೋಡಬೇಕಾಗುತ್ತಿತ್ತು.

* * *

ಹಬ್ಬ ಮುಗಿದ ಮೇಲೆ ಮಾಂಜರಾ ಇಳಿದಿದೆ, ದೋಣಿ ಬಿಟ್ಟಿದ್ದಾರೆ ಎಂಬ ಸುದ್ದಿ ಬಂತು. ಚಿಂತಾಕಿಯಲ್ಲಿ ಸಖುಬಾಯಿ ದಾರಿ ನೋಡಿ ಸಿಟ್ಟಾಗಿರುತ್ತಾಳೆ ಎಂದು ಆಯಿ ಎಲ್ಲರನ್ನೂ ಹೊರಡಿಸಿದಳು. ಈ ಸಲ ಅಳಿಯನೂ ಜೊತೆಗೆ.

ದಂಡೆಗೆ ಬಂದಾಗ ನದಿ ಇನ್ನೂ ಕೆಂಪಗೆ, ಅಗಲಕ್ಕೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಹೆಸರಿನ ಹೊಲ ಹಸಿರಾಗಿತ್ತು. ದೋಣಿಯ ಧೊಂಡಿಬಾ ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಿದ. ಮನ್ಮಥಪ್ಪ ಕಣ್ಣು ಮುಚ್ಚಿ ಕೂತ. ಮಕ್ಕಳು ನೀರಿಗೆ ಕೈ ಅದ್ದಿ ಕಾಕಿಯ ಹತ್ತಿರ ಬೈಸಿಕೊಂಡರು. ವೈಜಿನಾಥ ಎಲ್ಲರಿಗಿಂತ ಮುಂದೆ, ದೋಣಿಯ ಮೂತಿಯಲ್ಲಿ ಕೂತ. ಶಿವಕಾಂತಾ ಅವನ ಹಿಂದೆ.

ನಡುನೀರಿಗೆ ಬಂದಾಗ ಸೆಳವು ಹೆಚ್ಚಾಯಿತು. ದೋಣಿ ಅಡ್ಡಕ್ಕೆ ತೂಗಿತು. ಅವಳು ತನಗರಿವಿಲ್ಲದೆ ಅವನ ಅಂಗಿಯ ಬೆನ್ನು ಹಿಡಿದುಕೊಂಡಳು.

"ಅಂಜಿಕಿ ಆಗ್ತದೇನು?" ಅವನು ತಿರುಗದೆ ಕೇಳಿದ.

"ಆಗ್ತದರಿ. ನನಗ ಈಸಾಕ ಬರಂಗಿಲ್ಲ."

"ನನಗೂ ಬರಂಗಿಲ್ಲ."

ಅವಳಿಗೆ ನಗು ಬಂತು. ಎಲ್ಲರ ಎದುರಿಗೆ, ನಡು ಹೊಳೆಯಲ್ಲಿ, ತಡೆಯಲಾರದಷ್ಟು ನಗು.

"ಮತ್ತ ಯಾಕ ಮುಂದ ಬಂದು ಕುಂತೀರಿ?"

ಅವನು ಕೈಯನ್ನು ಹಿಂದಕ್ಕೆ ಚಾಚಿ, ಅಂಗಿ ಹಿಡಿದಿದ್ದ ಅವಳ ಕೈಯನ್ನು ಮುಚ್ಚಿ ಹಿಡಿದ.

"ನೀ ಹಿಂದ ಕೂಡ್ತಿ ಅಂತ."